ಹುಳದ ಎಣ್ಣೆಯಿಂದ ಸೋಪು, ಮುಲಾಮು: ಮಂಡ್ಯ–ಮೈಸೂರು ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳವಳ್ಳಿ, ಮದ್ದೂರು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ಹುಳ ಸಾಕುವವರಿಗೆ ಎಣ್ಣೆ ತೆಗೆಯುವ ಕೆಲಸ ಹೇಳಿಕೊಡುತ್ತೇನೆ. ಪಾಠದ ಹೊತ್ತಿನಲ್ಲಿ ಎಲ್ಲರೂ ಸುಮ್ಮನೆ ತಲೆ ಆಡಿಸುತ್ತಾರೆ. ಪ್ರಶ್ನೆಗಳು ಬರುವುದು ಆಮೇಲೆ, ಕಾಫಿ ಕುಡಿಯುವಾಗ, ಇಲ್ಲವೇ ರಾತ್ರಿ ಒಂಬತ್ತರ ಫೋನಿನಲ್ಲಿ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಕೇಳಿದವರ ಮಾತಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲ ದಿನದ ಪ್ರಶ್ನೆಗಳು

ಹುಳದಿಂದ ಎಣ್ಣೆನಾ? ಅದನ್ನ ಮುಖಕ್ಕೆ ಹಚ್ಕೊಳ್ಳೋಕಾ?

ಹೌದು. ರೇಷ್ಮೆ ಸೀರೆ ಉಡುವಾಗ, ಜೇನುಮೇಣ ಹಾಕಿದ ತುಟಿ ಮುಲಾಮು ಹಚ್ಚುವಾಗ ನಮಗೆ ಅಸಹ್ಯ ಆಗುವುದಿಲ್ಲ. ಎರಡೂ ಹುಳದಿಂದಲೇ ಬಂದವು ಅಲ್ವಾ? ಹುಳ ಮುಂದೆ ರೆಕ್ಕೆ ಬರುವ ಹೊತ್ತಿಗೆ ಬೇಕು ಅಂತ ಮೈಯಲ್ಲಿ ಕೊಬ್ಬು ಕೂಡಿಡುತ್ತದೆ. ನಾವು ತೆಗೆಯುವುದು ಆ ಕೊಬ್ಬನ್ನು. ನಾವು ಸಾಕುವ ಬಿಎಸ್‌ಎಫ್, ಅಂದರೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳದ ಕೊಬ್ಬಿನಲ್ಲಿ ಲಾರಿಕ್ ಆಮ್ಲವೇ ಜಾಸ್ತಿ, ಸುಮಾರು 35ರಿಂದ 50%. ಕೊಬ್ಬರಿ ಎಣ್ಣೆಯಲ್ಲೂ ಇರುವುದು ಮುಖ್ಯವಾಗಿ ಇದೇ ಆಮ್ಲ. ಹಾಗಾಗಿ ಸೋಪಿಗೆ ಇದು ಚೆನ್ನಾಗಿ ಒಗ್ಗುತ್ತದೆ, ನೊರೆ ಒಳ್ಳೆಯದು ಬರುತ್ತದೆ.

ಬಿಎಸ್‌ಎಫ್ ಅಂದ್ರೆ ಯಾವ ನೊಣ? ನಮ್ಮನೇಲಿ ಕೂರೋದೇನಾ?

ಮೊದಲ ಸಲ ನಾನು ಬಿಎಸ್‌ಎಫ್ ಕೆಲಸ ಮಾಡುತ್ತೇನೆ ಅಂದಾಗ ನಮ್ಮ ಮಾವನವರು ಗಡಿ ಭದ್ರತಾ ಪಡೆ ಅಂದುಕೊಂಡಿದ್ದರು. ಇದು ಕಪ್ಪು ಸೈನಿಕ ನೊಣ. ಉದ್ದಕ್ಕೆ, ಕಣಜದ ಹಾಗೆ ಕಾಣುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ದೊಡ್ಡ ನೊಣಕ್ಕೆ ಊಟ ಬೇಕೇ ಬೇಕು ಅಂತಿಲ್ಲ, ಹುಳವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದು ವಾರದಷ್ಟು ಬದುಕುತ್ತದೆ. ಊಟ ಬೇಡದ್ದರಿಂದ ನಮ್ಮ ತಟ್ಟೆಯ ಮೇಲೆ ಬಂದು ಕೂರುವ ಚಾಳಿಯೂ ಇಲ್ಲ. ಹೆಣ್ಣು ಒಂದು ಸಲಕ್ಕೆ 500ರಿಂದ 900 ಮೊಟ್ಟೆ ಇಡುತ್ತದೆ. ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಎರಡು ವಾರದಿಂದ ಹದಿನೆಂಟು ದಿನ ತಿಂದರೆ ಹುಳ ಕೊಯ್ಲಿಗೆ ಬರುತ್ತದೆ.

ನಾವು ರೇಷ್ಮೆ ಬೆಳೆಯೋರು. ನೊಣ ಸಾಕಿದ್ರೆ ಊಜಿ ಬಂದಂಗೆ ಆಗಲ್ವಾ?

ಇದು ಸುಮ್ನೆ ಹುಟ್ಟಿದ ಭಯವಲ್ಲ. ಊಜಿ ನೊಣ ನಮ್ಮ ರಾಜ್ಯಕ್ಕೆ ಬಂದಿದ್ದು 1980ರಲ್ಲಿ. ಅಂದಿನ ಬೆಳೆಗಾರರಿಗೆ ನೊಣ ಅನ್ನುವ ಪದವೇ ಸಾಕು. ಆದರೆ ಎರಡಕ್ಕೂ ಸಂಬಂಧ ಇಲ್ಲ. ಊಜಿ ರೇಷ್ಮೆ ಹುಳದ ಮೈ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ತಿನ್ನುತ್ತದೆ. ಬಿಎಸ್‌ಎಫ್ ಬದುಕಿರುವ ಹುಳದ ಮೈಗೆ ಹೋಗುವುದೇ ಇಲ್ಲ. ಕೊಳೆಯುವ ಪದಾರ್ಥದ ಪಕ್ಕದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ.

ಹಾಗಂತ ಎರಡನ್ನೂ ಒಂದೇ ಮನೆಯಲ್ಲಿ ಸಾಕಬೇಡಿ. ಬಿಎಸ್‌ಎಫ್ ಶೆಡ್ಡಿಗೆ ಇರುವೆ, ಮನೆನೊಣ ಬಂತು ಅಂತ ನೀವು ಔಷಧಿ ಹೊಡೆದರೆ ಅದರ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿ ರೇಷ್ಮೆ ಹುಳ ಸಾಯುತ್ತದೆ. ಆ ಕಡೆ ಊಜಿಗೆ ಹೊಡೆದ ಔಷಧಿಗೆ ಈ ನೊಣ ಸಾಯುತ್ತದೆ. ಶೆಡ್ಡುಗಳು ದೂರ ಇರಲಿ, ಕೆಲಸದ ಚಪ್ಪಲಿ, ಬುಟ್ಟಿ ಬೇರೆ ಬೇರೆ ಇರಲಿ. ರೋಗ ಬಂದ ಬೆಳೆಯ ಹುಳ, ಹಿಕ್ಕೆ, ಸೊಪ್ಪಿನ ಉಳಿಕೆಯನ್ನು ಬಿಎಸ್‌ಎಫ್‌ಗೆ ಹಾಕಲೇಬೇಡಿ. ಗಂಟು ರೋಗದ ಬೀಜಕಣ ಗೊಬ್ಬರದ ಜೊತೆ ನಿಮ್ಮ ತೋಟಕ್ಕೇ ವಾಪಸ್ ಬಂದೀತು.

ರೇಷ್ಮೆ ಹುಳದ್ದೇ ಎಣ್ಣೆ ತೆಗೀಬಹುದಲ್ವಾ? ನೊಣ ಯಾಕೆ ಬೇಕು?

ತೆಗೆಯಬಹುದು. ಆದರೆ ನೀವು ಗೂಡು ಮಾರಿಬಿಡುತ್ತೀರಿ, ಗೂಡಿನೊಳಗಿನ ಹುಳ, ಅಂದರೆ ಪ್ಯೂಪಾ, ಉಳಿಯುವುದು ನೂಲು ಬಿಚ್ಚುವ ರೀಲರ್‌ಗಳ ಹತ್ತಿರ. ರಾಮನಗರದ ಮಾರುಕಟ್ಟೆಗೆ ಹೋದ ಗೂಡಿನ ಜೊತೆ ನಿಮ್ಮ ಎಣ್ಣೆಯೂ ಹೋಯಿತು ಅಂತಲೇ ಲೆಕ್ಕ. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆದರೆ ಸುಮಾರು 8 ಕೆಜಿ ಹಸಿ ಪ್ಯೂಪಾ ಉಳಿಯುತ್ತದೆ, ಒಣಗಿಸಿದರೆ 2 ಕೆಜಿ. ಒಣಗಿದ್ದರಲ್ಲಿ 25ರಿಂದ 30% ಎಣ್ಣೆ. ರೀಲರ್ ಪರಿಚಯ ಇದ್ದರೆ ಪ್ಯೂಪಾ ಸಿಗುತ್ತದೆ. ಆದರೆ ಬೇಯಿಸಿದ ಪ್ಯೂಪಾ ಕೆಲವೇ ಗಂಟೆಯಲ್ಲಿ ಹಳಸುತ್ತದೆ. ಬೆಳಿಗ್ಗೆ ಬಿಚ್ಚಿದ್ದನ್ನು ಅದೇ ದಿನ ಒಣಗಿಸಲು ಆಗುವವರು ಮಾತ್ರ ಕೈ ಹಾಕಲಿ.

ಎರಡೂ ಎಣ್ಣೆಯ ಗುಣ ಬೇರೆ. ಪ್ಯೂಪಾ ಎಣ್ಣೆಯಲ್ಲಿ ಅಗಸೆ ಎಣ್ಣೆಯಲ್ಲಿರುವಂಥ ಲಿನೋಲೆನಿಕ್ ಆಮ್ಲ ಜಾಸ್ತಿ. ಚರ್ಮಕ್ಕೆ ಹಗುರ, ಬೇಗ ಇಂಗುತ್ತದೆ. ಅಷ್ಟೇ ಬೇಗ ಕಮಟು ಹಿಡಿಯುತ್ತದೆ. ನನ್ನ ಮಾತು ಕೇಳುವುದಾದರೆ, ಹೊಸಬರು ಬಿಎಸ್‌ಎಫ್‌ನಿಂದ ಶುರು ಮಾಡಿ.

ಎಷ್ಟು ದಿನ ಕಲೀಬೇಕು? ನಾನು ಏಳನೇ ಕ್ಲಾಸು.

ಏಳನೇ ಕ್ಲಾಸು ಧಾರಾಳ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಚಾಕಿ ಕಟ್ಟಿದ, ಅಂದರೆ ಎಳೇ ರೇಷ್ಮೆ ಹುಳ ಸಾಕಿದ ಕೈಗೆ ಉಳಿದದ್ದು ತಾನೇ ಬರುತ್ತದೆ. ಎಣ್ಣೆ ತೆಗೆಯುವುದನ್ನು ಮೂರು ದಿನದಲ್ಲಿ ತೋರಿಸಬಹುದು. ಸಾಕಣೆ ಕೈಗೆ ಹತ್ತಲು ಎರಡು ಸುತ್ತು, ಅಂದರೆ ಮೂರು ತಿಂಗಳು ಬೇಕು. ಈ ಮೂರು ತಿಂಗಳು ಮುಗಿಯುವ ತನಕ ಯಂತ್ರದ ಅಂಗಡಿ ಕಡೆ ತಲೆ ಹಾಕಬೇಡಿ ಅಂತ ಮೊದಲ ದಿನವೇ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಮೈಸೂರಿನ ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಸುತ್ತೂರು ಮತ್ತು ಮಂಡ್ಯ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಒಮ್ಮೆ ವಿಚಾರಿಸಿ. ಹುಳದ ಕೆಲಸ ಬಲ್ಲವರ ಜೊತೆ ಅರ್ಧ ದಿನ ಕೂತರೂ ಪ್ರಯೋಜನ ಇದೆ.

## ಸಾಕಣೆಯ ಪ್ರಶ್ನೆಗಳು

ಏನು ತಿನ್ನಿಸಬೇಕು? ಛತ್ರದ ಎಂಜಲು, ಬೀಗರೂಟದ್ದು ಆಗುತ್ತಾ?

ಹುಳ ಅದನ್ನೆಲ್ಲ ಖುಷಿಯಿಂದ ತಿನ್ನುತ್ತದೆ. ಕೇಳಬೇಕಾದ್ದು ನಿಮ್ಮ ಎಣ್ಣೆ ಎಲ್ಲಿಗೆ ಹೋಗುತ್ತದೆ ಅನ್ನುವುದು. ಕೋಳಿಗೆ ಹಾಕುವ ಹುಳಕ್ಕೂ, ಯಾರದೋ ಮಗಳು ಕೆನ್ನೆಗೆ ಹಚ್ಚುವ ಎಣ್ಣೆಯ ಹುಳಕ್ಕೂ ಒಂದೇ ಮುಸುರೆ ನಡೆಯುವುದಿಲ್ಲ.

ಎಣ್ಣೆಗೆ ಸಾಕುವ ಹುಳಕ್ಕೆ ಮೂಲ ಗೊತ್ತಿರುವ ಸಸ್ಯ ಪದಾರ್ಥ ಮಾತ್ರ. ಅಕ್ಕಿ ತೌಡು, ಬೂಸ, ಮಾರುಕಟ್ಟೆಯ ಹಣ್ಣು, ತರಕಾರಿ, ನಂಜನಗೂಡು ಕಡೆ ಸಿಗುವ ಮಾಗಿ ಹೋದ ಬಾಳೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವಾಗ ಮೇಲೆ ತೆಗೆಯುವ ಕೊಳೆಯನ್ನು ತೌಡಿಗೆ ಕಲಸಿ ಹಾಕಿದರೆ ಹುಳ ಚೆನ್ನಾಗಿ ಕೊಬ್ಬುತ್ತದೆ. ಪಿಷ್ಟ, ಸಕ್ಕರೆ ಇರುವ ಮೇವಿಗೆ ಲಾರಿಕ್ ಆಮ್ಲವೂ ಜಾಸ್ತಿ. ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಪುಡಿ ಹಾಕುವ ಆಲೆಮನೆಯದ್ದು ಮಾತ್ರ ಬೇಡ.

ಊರ ಕಸದ ಗಾಡಿಯ ಮಿಶ್ರ ಕಸ ಬೇಡವೇ ಬೇಡ. ಈ ಹುಳ ಕ್ಯಾಡ್ಮಿಯಂನಂಥ ಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇನ್ನೊಂದು ಮಾತು. ಯುರೋಪಿನ ನಿಯಮದಲ್ಲಿ ಅಡುಗೆಮನೆಯ ಉಳಿಕೆ, ಸಗಣಿ ತಿಂದ ಹುಳಕ್ಕೆ ಸಾಕಣೆ ಹುಳದ ಮಾನ್ಯತೆ ಇಲ್ಲ. ರಫ್ತು ಮಾಡುವ ಕಂಪನಿ ನಿಮ್ಮಿಂದ ಎಣ್ಣೆ ಕೊಳ್ಳಬೇಕಾದರೆ ಮೊದಲು ಕೇಳುವುದೇ ಮೇವಿನ ಪುಸ್ತಕ. ಯಾವ ದಿನ, ಎಲ್ಲಿಂದ, ಎಷ್ಟು ಕೆಜಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ.

ಮೇವು ನೀರಾಗಿಬಿಡುತ್ತೆ, ಹುಳ ಎಲ್ಲಾ ಗೋಡೆ ಹತ್ತುತ್ತವೆ. ಏನು ಮಾಡೋದು?

ತೇವ ಜಾಸ್ತಿಯಾಗಿದೆ. ಒಂದು ಹಿಡಿ ಮೇವು ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ತೌಡು ಬೆರೆಸಿ. ತಟ್ಟೆಯಲ್ಲಿ ಮೇವು ಮೂರು ಬೆರಳ ದಪ್ಪ ಮೀರಬಾರದು. ಹುಳ ಒತ್ತೊತ್ತಾಗಿದ್ದರೆ ತಮ್ಮ ಶಾಖಕ್ಕೆ ತಾವೇ ಬೇಯುತ್ತವೆ, ಏಪ್ರಿಲ್ ತಿಂಗಳಲ್ಲಂತೂ ಮಧ್ಯಾಹ್ನ ಒಮ್ಮೆ ಕೈ ಇಟ್ಟು ನೋಡಲೇಬೇಕು.

ನೊಣ ಇದಾವೆ, ಮೊಟ್ಟೆನೇ ಇಡ್ತಿಲ್ಲ.

ಬೆಳಕು ನೋಡಿ. ಬಿಸಿಲು ಬೀಳದ ಮೂಲೆಯಲ್ಲಿ ನೊಣ ಬಿಡುವ ಬಲೆ ಕಟ್ಟಿದರೆ ಇವು ಕೂಡುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಕಡೆಗೆ ಬಲೆ ಸರಿಸಿ.

ಎಷ್ಟು ಹುಳಕ್ಕೆ ಎಷ್ಟು ಎಣ್ಣೆ ಬರುತ್ತೆ? ಸರಿಯಾಗಿ ಹೇಳಿ.

10 ಕೆಜಿ ಹಸಿ ಹುಳ ಒಣಗಿದರೆ ಸುಮಾರು 3.3 ಕೆಜಿ. ಅದರಲ್ಲಿ 30% ಕೊಬ್ಬು ಅಂತ ಹಿಡಿದರೆ 1 ಕೆಜಿ. ಆದರೆ ಗಾಣ ಪೂರ್ತಿ ಹಿಂಡುವುದಿಲ್ಲ, ಹಿಂಡಿಯಲ್ಲಿ ಹತ್ತು ಪರ್ಸೆಂಟ್ ಉಳಿಯುತ್ತದೆ. ಗಸಿ ಕೂತು, ಸೋಸಿದ ಮೇಲೆ ಕೈಗೆ ಬರುವುದು 650ರಿಂದ 700 ಗ್ರಾಂ. ಅಂದರೆ ಒಂದು ಲೀಟರಿನ ಬಾಟಲಿ ತುಂಬಲು 13–14 ಕೆಜಿ ಹಸಿ ಹುಳ ಬೇಕು. ಇದಕ್ಕಿಂತ ಎರಡರಷ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಯಂತ್ರ ಮಾರುವವರು.

## ಎಣ್ಣೆ ತೆಗೆಯುವ ಪ್ರಶ್ನೆಗಳು

ಹುಳ ಯಾವಾಗ ಕೊಯ್ಯಬೇಕು? ಕಪ್ಪಾದ ಮೇಲಾ?

ಕಪ್ಪಾಗುವ ಮೊದಲು. ಹುಳ ಕೆನೆ ಬಣ್ಣದಲ್ಲಿ ದಪ್ಪಗೆ ಇದ್ದು, ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕಂದು ಕಾಣಿಸಿದ ದಿನವೇ ತೆಗೆಯಿರಿ. ಕಪ್ಪಾದ ಮೇಲೆ ಚಿಪ್ಪು ಗಟ್ಟಿ, ಎಣ್ಣೆಯ ಬಣ್ಣ ಗಾಢ. ಹಣ್ಣಾದ ರೇಷ್ಮೆ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಹೊತ್ತು ಗುರುತಿಸುವ ಕಣ್ಣು ನಿಮಗೆ ಇದೆ ಅಲ್ವಾ, ಅದೇ ಕಣ್ಣು ಇಲ್ಲೂ ಬೇಕು. ಮುಂದಿನ ಸಂತಾನಕ್ಕೆ ಅಂತ ಒಂದು ತಟ್ಟೆ ಮಾತ್ರ ಕಪ್ಪಾಗಲು ಬಿಡಿ.

ನನ್ನ ಎಣ್ಣೆ ಕಪ್ಪಗೆ ಬಂತು, ಕಮಟು ವಾಸನೆ. ಗಾಣ ಸರಿ ಇಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಗಾಣದ್ದು ತಪ್ಪು ಇರುವುದು ಅಪರೂಪ. ಎಣ್ಣೆ ಕೆಡುವುದು ಹುಳ ಸಾಯುವ ಹೊತ್ತಿನಲ್ಲಿ.

ಇದನ್ನು ನಾನು ಕಲಿತಿದ್ದು ನಷ್ಟ ಮಾಡಿಕೊಂಡು. ಮೊದಲ ವರ್ಷ ಐಸ್‌ಕ್ಯಾಂಡಿಯ ಹಳೇ ಫ್ರೀಜರ್ ಒಂದನ್ನು ಅಗ್ಗಕ್ಕೆ ತಂದು 40 ಕೆಜಿ ಹುಳ ಚೀಲದಲ್ಲಿ ತುಂಬಿಸಿಟ್ಟೆ. ಮಾರನೇ ದಿನ ನೋಡಿದರೆ ಚೀಲದ ಅಂಚು ಮಾತ್ರ ಕಲ್ಲಾಗಿತ್ತು, ನಡುವಿನ ಹುಳ ಇನ್ನೂ ಬೆಚ್ಚಗೆ ಒದ್ದಾಡುತ್ತಿದ್ದವು. ಒಣಗಿಸಿ ಹಿಂಡಿದೆ. ಎಣ್ಣೆ ಕಾಫಿ ಬಣ್ಣ, ಮೂಗಿಗೆ ಹಿಡಿಯಲಾಗದು. ಅದರಲ್ಲಿ ಮಾಡಿದ ಸೋಪನ್ನು ನಮ್ಮನೆಯವರು ಎಮ್ಮೆ ತೊಳೆಯಲು ಕೂಡ ಮುಟ್ಟಲಿಲ್ಲ.

ಆದದ್ದು ಇಷ್ಟು. ಹುಳದ ಮೈಯಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇದೆ. ಹುಳ ನಿಧಾನವಾಗಿ ಸತ್ತರೆ ಅದು ಗಂಟೆಗಟ್ಟಲೆ ಕೆಲಸ ಮಾಡಿ ಒಳ್ಳೇ ಕೊಬ್ಬನ್ನು ಬಿಡಿ ಆಮ್ಲ ಮಾಡಿಬಿಡುತ್ತದೆ. ಕುದಿಯುವ ನೀರು ಆ ಕಿಣ್ವವನ್ನು ಒಂದೇ ಏಟಿಗೆ ನಿಲ್ಲಿಸುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಒಂದು ದಿನ ಮೇವು ನಿಲ್ಲಿಸಿ, ಹೊಟ್ಟೆ ಖಾಲಿಯಾಗಲಿ. ಜರಡಿ ಹಿಡಿದು, ಎರಡು ಸಲ ತೊಳೆಯಿರಿ. ಹಂಡೆಯಲ್ಲಿ ನೀರು ತಳಮಳ ಕುದಿಯುತ್ತಿರುವಾಗ ಎರಡು ಕೆಜಿಯಂತೆ ಬಲೆಚೀಲದಲ್ಲಿ ಅದ್ದಿ, ಒಂದರಿಂದ ಎರಡು ನಿಮಿಷ. ಒಟ್ಟಿಗೆ ಹತ್ತು ಕೆಜಿ ಸುರಿದರೆ ನೀರಿನ ಕುದಿ ನಿಂತು ಮತ್ತೆ ನನ್ನ ಫ್ರೀಜರ್ ಕತೆಯೇ. ನೀರು ಬಸಿದು 60 ಡಿಗ್ರಿಯಲ್ಲಿ ಒಣಗಿಸಿ. ಹುಳ ಬೆರಳಲ್ಲಿ ಮುರಿದರೆ ಪಟ್ ಅನ್ನಬೇಕು. ಬಗ್ಗಿದರೆ ಇನ್ನೂ ಒಣಗಬೇಕು.

ಬಿಸಿಲಲ್ಲಿ ಒಣಗಿಸಬಹುದಾ ಅಂತ ಕೇಳುತ್ತಾರೆ. ಕೋಳಿ ಮೇವಿಗಾದರೆ ಸರಿ. ಮುಖಕ್ಕೆ ಹಚ್ಚುವ ಎಣ್ಣೆಗೆ ಬೇಡ, ಬಿಸಿಲು, ಗಾಳಿ ಎರಡೂ ಎಣ್ಣೆಗೆ ಶತ್ರು. ಮುಚ್ಚಿದ ಸೋಲಾರ್ ಡ್ರೈಯರ್ ಇದ್ದರೆ ಆಗಬಹುದು.

ಊರಿನ ಎಣ್ಣೆ ಗಾಣದಲ್ಲೇ ಹಾಕಿಸಬಹುದಾ?

ಬೇಡ. ನಿಮ್ಮ ಮುಂದೆ ಕಡ್ಲೆಕಾಯಿ ಆಡಿಸಿದವರ ಎಣ್ಣೆ ನಿಮಗೆ ಬರುತ್ತದೆ, ನಿಮ್ಮ ಹಿಂದೆ ಬರುವವರಿಗೆ ಹುಳ ಹೋಗುತ್ತದೆ. ಅವರಿಗೆ ಗೊತ್ತಾದ ದಿನ ಗಾಣದವರ ವ್ಯಾಪಾರ ಮುಗಿಯಿತು. ನಾಲ್ಕೈದು ಮನೆಯವರು ಸೇರಿ ಚಿಕ್ಕ ಸ್ಕ್ರೂ ಗಾಣ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ.

ಎಣ್ಣೆ ಗಟ್ಟಿಯಾಗೋಯ್ತು, ಕೆಟ್ಟೋಯ್ತಾ?

ಇಲ್ಲ. ಮಾಗಿ ಚಳಿಗೆ ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತದೆ. ಬೆಚ್ಚಗಿನ ನೀರಲ್ಲಿ ಡಬ್ಬಿ ಇಟ್ಟರೆ ಕರಗುತ್ತದೆ.

ಒಳ್ಳೇ ಎಣ್ಣೆ ಅಂತ ಮನೆಯಲ್ಲೇ ಹೇಗೆ ನೋಡೋದು?

ಮೂಗು ಮೊದಲ ಪರೀಕ್ಷೆ, ಆಮ್ಲದ ಲೆಕ್ಕ ಎರಡನೆಯದು. ಇದನ್ನು ತರಬೇತಿಯಲ್ಲಿ ಎಲ್ಲರ ಕೈಯಲ್ಲೂ ಮಾಡಿಸುತ್ತೇನೆ. ಆಲ್ಕೋಹಾಲನ್ನು ಬೆಚ್ಚಗೆ ಮಾಡಿ, ನಾಲ್ಕು ಹನಿ ಫಿನಾಲ್ಫ್‌ಥಲೀನ್ ಹಾಕಿ, ತಿಳಿ ಗುಲಾಬಿ ಬರುವ ತನಕ ಕ್ಷಾರದ ಹನಿ ಬಿಟ್ಟು ಸಿದ್ಧ ಮಾಡಿಕೊಳ್ಳಿ. ಅದಕ್ಕೆ 5 ಗ್ರಾಂ ಎಣ್ಣೆ ಹಾಕಿ. 0.1 ನಾರ್ಮಲ್ ಬಲದ ಕ್ಷಾರವನ್ನು ಬ್ಯುರೆಟ್ ಎಂಬ ಅಳತೆಯ ಗಾಜಿನ ನಳಿಗೆಯಿಂದ ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ನಿಲ್ಲಿಸಿ, ಎಷ್ಟು ಮಿಲಿ ಆಯಿತು ನೋಡಿ.

ಮಿಲಿಯನ್ನು 0.1ರಿಂದ, ಆಮೇಲೆ 56.1ರಿಂದ ಗುಣಿಸಿ, ಎಣ್ಣೆಯ ಗ್ರಾಂನಿಂದ ಭಾಗಿಸಿ. 2.5 ಮಿಲಿ ಹೋಗಿದ್ದರೆ ಆಮ್ಲ ಸಂಖ್ಯೆ 2.8. ಲಾರಿಕ್ ಲೆಕ್ಕದಲ್ಲಿ ಬಿಡಿ ಆಮ್ಲ ಸುಮಾರು 1% ಅಂತ. ಇಷ್ಟಿದ್ದರೆ ನನಗೆ ಖುಷಿ. ನನ್ನ ಫ್ರೀಜರ್ ಎಣ್ಣೆಗೆ ಬ್ಯುರೆಟ್ ಖಾಲಿ ಮಾಡಿ ಮತ್ತೆ ತುಂಬಬೇಕಾಯಿತು.

ಎಷ್ಟು ದಿನ ಇಡಬಹುದು?

ಗಸಿ ಕೂರಲು ಎರಡು ದಿನ ಬಿಟ್ಟು, ಸೋಸಿ, ನೀರಿನ ಪಸೆ ಇಲ್ಲದಂತೆ ಮಾಡಿ, ಡಬ್ಬಿಯ ಕಂಠದ ತನಕ ತುಂಬಿ ಕತ್ತಲಲ್ಲಿ ಇಡಿ. ಅರ್ಧ ಖಾಲಿ ಡಬ್ಬಿ ಬೇಗ ಕೆಡುತ್ತದೆ. ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಪ್ಯೂಪಾ ಎಣ್ಣೆಗೆ ಹಿಂಡಿದ ದಿನವೇ ಕೆಜಿಗೆ 1–2 ಗ್ರಾಂ ವಿಟಮಿನ್ ಇ ಬೆರೆಸಿ. ದಿನ ಲೆಕ್ಕ ಹಾಕುವುದಕ್ಕಿಂತ ತಿಂಗಳಿಗೊಮ್ಮೆ ಆಮ್ಲ ಸಂಖ್ಯೆ ನೋಡುವುದು ಮೇಲು.

## ಸೋಪು, ಮುಲಾಮಿನ ಪ್ರಶ್ನೆಗಳು

ಕೊಬ್ಬರಿ ಎಣ್ಣೆ ಥರಾನೇ ಅಂದ್ರಲ್ಲಾ, ಅದೇ ಅಳತೇಲಿ ಸೋಪು ಮಾಡಲಾ?

ಮಾಡಬೇಡಿ, ಮೈ ಸುಡುತ್ತದೆ. ಒಂದು ಕೆಜಿ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಹಿಡಿಯುತ್ತದೆ. ಹುಳದ ಎಣ್ಣೆಗೆ ಅಷ್ಟು ಬೇಡ, ಮೇವು ಬದಲಾದರೆ ಅಳತೆಯೂ ಬದಲು. ಎಣ್ಣೆ ಸೋಪಾಗಲು ಎಷ್ಟು ಕ್ಷಾರ ಬೇಕು ಅಂತ ಹೇಳುವ ಸಪೋನಿಫಿಕೇಶನ್ ಸಂಖ್ಯೆಯನ್ನು ಲ್ಯಾಬ್‌ನಲ್ಲಿ ತೆಗೆಸಿ. ಅದು 230 ಬಂತು ಅನ್ನಿ. 40ರಿಂದ ಗುಣಿಸಿ 56.1ರಿಂದ ಭಾಗಿಸಿದರೆ ಕೆಜಿಗೆ 164 ಗ್ರಾಂ. ಅದರಲ್ಲೂ 5% ಕಮ್ಮಿ ಮಾಡಿ 156 ಗ್ರಾಂ ಹಾಕಿ, ಸ್ವಲ್ಪ ಎಣ್ಣೆ ಸೋಪಿನಲ್ಲೇ ಉಳಿಯಲಿ. ಕೊಬ್ಬರಿ ಲೆಕ್ಕ ಹಿಡಿದರೆ ಪ್ರತಿ ಕೆಜಿಗೆ 19 ಗ್ರಾಂ ಸೋಡಾ ಸುಮ್ನೆ ಸೋಪಲ್ಲಿ ಕೂತಿರುತ್ತದೆ.

ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾ ಮೇಲೆ ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಮಕ್ಕಳು ಹೊರಗೆ. ಕತ್ತರಿಸಿದ ಸೋಪು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಮಾಗಲಿ.

ನೇರ ಕ್ರೀಮೇ ಮಾಡೋಣ, ರೇಟು ಜಾಸ್ತಿ ಅಲ್ವಾ?

ರೇಟು ಜಾಸ್ತಿ, ತಾಪತ್ರಯವೂ ಜಾಸ್ತಿ. ಕ್ರೀಮಿನಲ್ಲಿ ನೀರಿದೆ. ನೀರಿದ್ದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬರುತ್ತವೆ, ಅವು ಕಣ್ಣಿಗೆ ಕಾಣುವ ಮೊದಲೇ ಚರ್ಮಕ್ಕೆ ತಾಗುತ್ತವೆ. 'ಯಾವ ಕೆಮಿಕಲ್ಲೂ ಇಲ್ಲ' ಅಂತ ಹೇಳಲು ಆಸೆಪಟ್ಟು ಸಂರಕ್ಷಕ ಬಿಟ್ಟವರ ಡಬ್ಬಿಗಳನ್ನು ನೋಡಿದ್ದೇನೆ, ಮುಚ್ಚಳ ತೆರೆಯಲು ಧೈರ್ಯ ಬೇಕು. ಹಳ್ಳಿಯಲ್ಲಿ ಮೊದಲು ಸೋಪು ಮಾಡಿ, ಆಮೇಲೆ ಜೇನುಮೇಣ ಹಾಕಿದ ನೀರಿಲ್ಲದ ಮುಲಾಮು. ಅಲ್ಲಿಗೆ ಎರಡು ವರ್ಷ ಆಗುತ್ತದೆ.

ಯಾರಿಗಾದ್ರೂ ಅಲರ್ಜಿ ಆಗುತ್ತಾ?

ಆಗಬಹುದು. ಸಿಗಡಿ, ಏಡಿ ಆಗದವರಿಗೆ ಹುಳದ ಪ್ರೋಟೀನೂ ಆಗದಿರಬಹುದು. ಎಣ್ಣೆ ಚೆನ್ನಾಗಿ ಸೋಸಿದ್ದರೆ ಪ್ರೋಟೀನ್ ಕಮ್ಮಿ. ಆದರೂ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ ಅಂತ ಹೇಳಿ ಮಾರಿ. ಇದಕ್ಕಿಂತ ನನಗೆ ಚಿಂತೆ ಇರುವುದು ಕೆಲಸ ಮಾಡುವವರದ್ದು. ಒಣ ಹುಳದ ಪುಡಿ ಮೂಗಿಗೆ ಹೋಗಿ ಹೋಗಿ ದಮ್ಮು ಬರುತ್ತದೆ. ಹಿಂಡುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ. ಸೆರಗು ಮುಚ್ಚಿಕೊಂಡರೆ ಸಾಲದು, ಅಕ್ಕ.

## ಮಾರಾಟದ ಪ್ರಶ್ನೆಗಳು

ಲೈಸೆನ್ಸ್ ಬೇಕಾ? ಸಂತೇಲಿ ಇಟ್ಟು ಮಾರಬಹುದಲ್ವಾ?

ಮಾರುವುದಕ್ಕೆ ಸೋಪು, ಮುಲಾಮು ತಯಾರಿಸಬೇಕಾದರೆ ಲೈಸೆನ್ಸ್ ಬೇಕು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 2020ರ ಕಾಂತಿವರ್ಧಕಗಳ ನಿಯಮ ಇದಕ್ಕೆ ಅನ್ವಯ. ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಜಾಗ, ಅರ್ಹ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಯ ವ್ಯವಸ್ಥೆ ತೋರಿಸಬೇಕು. ಒಬ್ಬ ರೈತನಿಗೆ ಇದು ಭಾರ. ಎರಡು ದಾರಿ ಇದೆ. ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ನಿಮ್ಮ ಹೆಸರಿನಲ್ಲಿ ಮಾಡಿಸುವ ಲೋನ್ ಲೈಸೆನ್ಸ್ ಒಂದು. ಲ್ಯಾಬ್ ವರದಿ ಜೊತೆ ಎಣ್ಣೆಯನ್ನೇ ಸೋಪಿನ ತಯಾರಕರಿಗೆ ಮಾರುವುದು ಇನ್ನೊಂದು. ನಮ್ಮ ಕಡೆಯ ಹೆಚ್ಚಿನವರಿಗೆ ಎರಡನೆಯದೇ ಸರಿ.

'ಸುಕ್ಕು, ಇಸುಬು ವಾಸಿಯಾಗುತ್ತೆ' ಅಂತ ಹಾಕಿದ್ರೆ ಬೇಗ ಖರ್ಚಾಗುತ್ತೆ ಅಲ್ವಾ?

ಇಸುಬು ಕಾಯಿಲೆ. ವಾಸಿ ಮಾಡುತ್ತೇನೆ ಅಂದ ಕೂಡಲೇ ನಿಮ್ಮ ಸೋಪು ಕಾನೂನಿನ ಕಣ್ಣಲ್ಲಿ ಔಷಧಿ ಆಗುತ್ತದೆ, ನಿಯಮವೇ ಬೇರೆ. ಸುಕ್ಕು ಕಾಯಿಲೆಯಲ್ಲ, ಆದರೆ ಅದಕ್ಕೂ ಪುರಾವೆ ಇಲ್ಲದೆ ಬಾಯಿ ಹಾಕಬೇಡಿ. 'ಚರ್ಮ ಮೃದುವಾಗುತ್ತದೆ' ಅಷ್ಟೇ ಸಾಕು.

ಹುಳದ್ದು ಅಂತ ಹೇಳಿದ್ರೆ ಯಾರು ತಗೋತಾರೆ? ಹೇಳಲೇಬೇಕಾ?

ಹೇಳಲೇಬೇಕು. ಪದಾರ್ಥಗಳ ಪಟ್ಟಿಯಲ್ಲಂತೂ ಬರಲೇಬೇಕು, ಮುಂದಿನ ಭಾಗದಲ್ಲೂ ದೊಡ್ಡದಾಗಿ ಹಾಕಿ ಅನ್ನುತ್ತೇನೆ ನಾನು. ಮೈಸೂರಿನಲ್ಲಿ ಜೈನರ ಅಂಗಡಿಗಳು ಎಷ್ಟಿವೆ, ಶುದ್ಧ ಸಸ್ಯಾಹಾರದ ಮನೆಗಳು ಎಷ್ಟಿವೆ, ನಿಮಗೇ ಗೊತ್ತು. ದೇವರ ಮುಂದೆ ಕೂರುವ ಮೊದಲು ಮೈಗೆ ಹಚ್ಚುವ ಸೋಪಿನ ವಿಷಯದಲ್ಲಿ ಮೋಸ ಮಾಡಿದರೆ ಅವರು ಮತ್ತೆ ಬರುವುದಿಲ್ಲ, ಬರಲೂಬಾರದು. ಕೊಳ್ಳುವವರು ಬೇರೆ ಇದ್ದಾರೆ. ತಾಳೆ ಎಣ್ಣೆ ಬೇಡ ಅನ್ನುವವರು, ಕಸ ಕಮ್ಮಿಯಾಗಲಿ ಅನ್ನುವವರು ಹುಳದ್ದು ಅಂತಲೇ ಹುಡುಕಿಕೊಂಡು ಬರುತ್ತಾರೆ.

ಕೊನೇ ಮಾತು ಹೇಳಿ, ಇದರಲ್ಲಿ ದುಡ್ಡಿದೆಯಾ?

ಬರೀ ಎಣ್ಣೆಯಲ್ಲಿ ಇಲ್ಲ. 10 ಕೆಜಿ ಹಸಿ ಹುಳಕ್ಕೆ 700 ಗ್ರಾಂ ಎಣ್ಣೆ ಬಂದರೆ, ಎರಡೂವರೆ ಕೆಜಿಯಷ್ಟು ಹಿಂಡಿಯೂ ಬರುತ್ತದೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಪ್ರೋಟೀನ್ ಜಾಸ್ತಿ, ಮೀನು ಸಾಕುವವರು, ಕೋಳಿ ಸಾಕುವವರು ಕೇಳಿ ಕೊಳ್ಳುತ್ತಾರೆ. ತಟ್ಟೆಯಲ್ಲಿ ಉಳಿಯುವ ಹಿಕ್ಕೆ ಗೊಬ್ಬರವನ್ನು ಕಬ್ಬಿಗೋ ಹಿಪ್ಪುನೇರಳೆಗೋ ಹಾಕಿದರೆ ಗೊಬ್ಬರದ ಖರ್ಚು ಇಳಿಯುತ್ತದೆ. ಮೊದಲು ಗೊಬ್ಬರ, ಹಿಂಡಿಯ ದುಡ್ಡಲ್ಲಿ ಸಾಕಣೆಯ ಖರ್ಚು ಹುಟ್ಟಬೇಕು. ಎಣ್ಣೆ ಅದರ ಮೇಲಿನದು. ಎಣ್ಣೆಯನ್ನೇ ನಂಬಿ ಸಾಲ ಮಾಡಿದವರು ಒಂದು ಬ್ಯಾಚ್ ಕಮಟು ಹಿಡಿದರೆ ಕಂತು ಕಟ್ಟಲಾಗದೆ ಕೂರುತ್ತಾರೆ.

ಶುರುವಿಗೆ ಬೇಕಾದ್ದು ಹತ್ತು ಪ್ಲಾಸ್ಟಿಕ್ ಟಬ್, ಸೊಳ್ಳೆ ಪರದೆಯ ಬಲೆ, ಜರಡಿ, ಹಂಡೆ, ತಕ್ಕಡಿ. ಗಾಣಕ್ಕೆ ಅಂತ ಇಟ್ಟ ದುಡ್ಡನ್ನು ಸದ್ಯಕ್ಕೆ ಪೋಸ್ಟ್ ಆಫೀಸಿನಲ್ಲೇ ಬಿಡಿ. ಎರಡು ಸುತ್ತು ಸಾಕಿ, ಕುದಿಸಿ, ಒಣಗಿಸಿದ ಹುಳ ಒಂದು ಕೆಜಿ ತಗೊಂಡು ಬನ್ನಿ, ನಮ್ಮ ಗಾಣದಲ್ಲಿ ಹಿಂಡಿ ಆಮ್ಲ ಸಂಖ್ಯೆ ನೋಡೋಣ. ಬರುವಾಗ ಮೇವಿನ ನೋಟ್‌ಬುಕ್ ಮರೆಯಬೇಡಿ.